ಅದಿರು ಗಾಡಿಯ ಹಿಂದೆ ನಾರ್ವಿಕ್‌ವರೆಗೆ

ನಮ್ಮಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಹೊಸಪೇಟೆಯಲ್ಲಿ ಕಬ್ಬಿಣದ ಅದಿರು ತುಂಬಿಕೊಂಡ ಗಾಡಿ ಹುಬ್ಬಳ್ಳಿ, ಲೋಂಡಾ ದಾಟಿ, ಕ್ಯಾಸಲ್‌ರಾಕ್‌ನಿಂದ ಘಾಟಿ ಇಳಿದು ಮರ್ಮಗೋವಾ ಬಂದರಿಗೆ ಹೋಗುತ್ತಿತ್ತು. ಡ್ಯೂಟಿ ಮುಗಿಸಿ ಬಂದ ಅಪ್ಪನ ಬಿಳಿ ಪ್ಯಾಂಟನ್ನು ಅಮ್ಮ ಬೇರೆ ಬಟ್ಟೆಗಳ ಜೊತೆ ನೆನೆಹಾಕುತ್ತಿರಲಿಲ್ಲ. ಬಕೆಟ್ಟಿನ ನೀರು ಕುಂಕುಮ ಕಲಸಿದ ಹಾಗೆ ಆಗುತ್ತಿತ್ತು.

ಹಾಗಾಗಿ ಸ್ಟಾಕ್‌ಹೋಮ್‌ನಲ್ಲಿ ಕೆಲಸದಲ್ಲಿರುವ ಮಗಳು "ಅಮ್ಮ, ಈ ಸಲ ಎಲ್ಲಿಗೆ ಹೋಗೋಣ?" ಅಂದಾಗ ನಾನು ನಾರ್ವಿಕ್ ಅಂದೆ. ಅವಳಿಗೆ ನಗು. "ಎಲ್ಲರ ಅಮ್ಮಂದಿರು ಪ್ಯಾರಿಸ್ ಅಂತಾರೆ. ನಿನಗೆ ಗೂಡ್ಸ್ ಗಾಡಿ ನೋಡಬೇಕು!"

ನಾರ್ವಿಕ್ ಇರುವುದು ನಾರ್ವೆಯಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ಮೇಲೆ. ಅಲ್ಲಿಗೆ ರೈಲಿದೆ, ಆದರೆ ನಾರ್ವೆಯ ಬೇರೆ ಯಾವ ಊರಿಗೂ ಅಲ್ಲಿಂದ ನೇರ ಹಳಿ ಇಲ್ಲ. ಹಳಿ ಹೋಗುವುದು ಸ್ವೀಡನ್ನಿಗೆ, ಕಿರುನಾ ಎಂಬ ಗಣಿ ಊರಿಗೆ. ಅಲ್ಲಿನ ಅದಿರನ್ನು ಸಮುದ್ರಕ್ಕೆ ಒಯ್ಯಲು ಹಾಕಿದ ಲೈನು ಅದು. ಊರು ಹುಟ್ಟಿದ್ದೂ ಅದಕ್ಕೇ. ಇನ್ನೊಂದು ಹೊಸಪೇಟೆ–ಮರ್ಮಗೋವಾ ಲೈನು ಭೂಮಿಯ ತುದಿಯಲ್ಲಿದೆ ಅಂದ ಮೇಲೆ ನೋಡದೆ ಬಿಡುವುದು ಹೇಗೆ?

ಮೊದಲ ದಿನ: ಕತ್ತಲಾಗದ ರಾತ್ರಿ

ಸ್ಟಾಕ್‌ಹೋಮ್‌ನಿಂದ ಸಂಜೆ ಹೊರಡುವ ರಾತ್ರಿ ರೈಲು. ಹದಿನೆಂಟು ಹತ್ತೊಂಬತ್ತು ಗಂಟೆಯ ಪಯಣ. ಮಗಳು ಎರಡು ತಿಂಗಳು ಮೊದಲೇ ಬರ್ತ್ ಹಿಡಿದಿದ್ದಳು. ಬೇಸಿಗೆಯಲ್ಲಿ ಕೊನೇ ಗಳಿಗೆಗೆ ಸಿಗುವುದಿಲ್ಲವಂತೆ.

ನಾನು ಕಟ್ಟಿಕೊಂಡಿದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಒಂದು ಡಬ್ಬಿ ಮೆಂತ್ಯ ಚಪಾತಿ. ನಮ್ಮ ಕ್ಯಾಬಿನ್ನಿನಲ್ಲಿ ಕಿರುನಾದ ಒಬ್ಬ ಹೆಂಗಸು ಇದ್ದರು, ಆಸ್ಪತ್ರೆಯಲ್ಲಿ ನರ್ಸ್. ನಾನು ರೊಟ್ಟಿ ಮುರಿದ ಸದ್ದಿಗೆ ಅವರು ತಿರುಗಿ ನೋಡಿದರು. ಆಮೇಲೆ ನಗುತ್ತಾ ತಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದರು. ಅದರಲ್ಲಿದ್ದದ್ದು ಸ್ವೀಡನ್ನಿನ ಗರಿಗರಿ ಒಣ ರೊಟ್ಟಿ. ದುಂಡಗೆ, ತೆಳ್ಳಗೆ, ಮುರಿದರೆ ಅದೇ ಸದ್ದು. ಚಳಿಗಾಲಕ್ಕೆ ಮಾಡಿಟ್ಟುಕೊಳ್ಳುತ್ತಿದ್ದ ರೊಟ್ಟಿಯಂತೆ. ನಾವು ಅದಲು ಬದಲು ಮಾಡಿಕೊಂಡೆವು. ಚಟ್ನಿ ಪುಡಿ ತಿಂದು ಅವರ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚಮಚ ಹಾಕಿಸಿಕೊಂಡರು.

ಹತ್ತು ಗಂಟೆಗೆ ಮಲಗಿದೆ. ಹನ್ನೆರಡಕ್ಕೆ ಎಚ್ಚರವಾದಾಗ ಹೊರಗೆ ನಮ್ಮ ಸಂಜೆ ಆರೂವರೆಯ ಬೆಳಕು. ಎರಡಕ್ಕೆ ಎದ್ದಾಗಲೂ ಅಷ್ಟೇ ಬೆಳಕಿತ್ತು. ಜೂನ್‌ನಲ್ಲಿ ಹೋಗುವವರು ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ ಒಯ್ಯಲೇಬೇಕು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಹೇಗೋ ಬೆಳಗು ಮಾಡಿದೆ. ಬೆಳಗು ಅನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ ಬಿಡಿ.

ಎರಡನೇ ದಿನ: ಊರನ್ನೇ ಎತ್ತಿಟ್ಟವರು, ಮತ್ತು ಇಳಿಜಾರು

ಎದ್ದು ನೋಡಿದರೆ ಬರೀ ಕಾಡು. ಪೈನ್ ಮರ, ಬರ್ಚ್ ಮರ, ಜೌಗು, ಮತ್ತೆ ಪೈನ್ ಮರ. ಆರ್ಕ್ಟಿಕ್ ವೃತ್ತ ದಾಟುವ ಜಾಗಕ್ಕೆ ಆ ಹೆಸರಿನದೇ ಒಂದು ಪುಟ್ಟ ಊರಿದೆ, ಪೋಲ್‌ಸಿರ್ಕೆಲ್ನ್ ಅಂತ. ಫೋಟೋಗೆ ಫೋನ್ ತೆಗೆಯುವಷ್ಟರಲ್ಲಿ ಊರು ಹಿಂದಕ್ಕೆ ಹೋಗಿತ್ತು.

ಕಿರುನಾ ಹತ್ತಿರವಾಗುತ್ತಿದ್ದಂತೆ ನರ್ಸಮ್ಮ ಮಾತಿಗಿಳಿದರು. ಅವರು ಓದಿದ ಶಾಲೆಯ ಬೀದಿ ಈಗ ಬೇಲಿಯ ಒಳಗಿದೆಯಂತೆ. ನೆಲದಡಿಯ ಕಬ್ಬಿಣದ ಗಣಿಗಳಲ್ಲಿ ಜಗತ್ತಿಗೇ ದೊಡ್ಡದು ಇಲ್ಲಿನದು. ಅದಿರಿನ ಪದರ ಓರೆಯಾಗಿ ಊರಿನ ಕೆಳಗೆ ಇಳಿಯುತ್ತದೆ. ಅಗೆದಷ್ಟೂ ಮೇಲಿನ ನೆಲ ಬಿರುಕು ಬಿಡುತ್ತಿದೆ. ಅದಕ್ಕೆ ಊರನ್ನೇ ಪೂರ್ವಕ್ಕೆ ಸರಿಸುತ್ತಿದ್ದಾರೆ. ಹೊಸ ಊರಿನ ಕೇಂದ್ರ 2022ರಲ್ಲಿ ಶುರುವಾಯಿತು. 1912ರ ಮರದ ಚರ್ಚನ್ನು ಬಿಚ್ಚದೆ, ಇಡಿಯಾಗಿ ಗಾಲಿಗಳ ಮೇಲೆ ಇಟ್ಟು, 2025ರ ಆಗಸ್ಟ್‌ನಲ್ಲಿ ಎರಡು ದಿನ ತೆಗೆದುಕೊಂಡು 5 ಕಿ.ಮೀ. ದೂರ ಒಯ್ದರು. 672 ಟನ್ ತೂಕ.

"ನೀವು ನೋಡಲು ಹೋಗಿದ್ದಿರಾ?" ಎಂದೆ.

"ಇಡೀ ಊರೇ ಹೋಗಿತ್ತು. ನನ್ನ ಮದುವೆಯಾದ ಚರ್ಚು ರಸ್ತೆ ತಿರುವಿನಲ್ಲಿ ನನ್ನ ಮುಂದೆಯೇ ಬಂತು, ಆನೆ ಬಂದ ಹಾಗೆ" ಅಂದರು. ಆನೆಯ ಮಾತು ನನಗಾಗಿ ಸೇರಿಸಿದ್ದಿರಬೇಕು.

ನಾನು ನಮ್ಮ ನಾರಾಯಣದೇವರಕೆರೆಯ ಕಥೆ ಹೇಳಿದೆ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಆ ಊರು ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದರು. ನಮ್ಮದನ್ನು ನೀರು ತಿಂದಿತು, ಇವರದನ್ನು ಗಣಿ ತಿನ್ನುತ್ತಿದೆ. ಅವರು ಇಳಿಯುವಾಗ ಉಳಿದ ಚಟ್ನಿ ಪುಡಿ ಕಟ್ಟಿಕೊಟ್ಟೆ.

ಕಿರುನಾ ಬಿಟ್ಟ ಮೇಲೆ ಕಿಟಕಿಯಿಂದ ಕಣ್ಣು ತೆಗೆಯಬಾರದು. ಒಂದು ಮಾತು: ನಾರ್ವಿಕ್ ಕಡೆ ಹೋಗುವಾಗ ಬಲಗಡೆ ಕೂತುಕೊಳ್ಳಿ. ಟೋರ್ನೆಟ್ರೆಸ್ಕ್ ಸರೋವರ ಆ ಕಡೆಯೇ, ಆಮೇಲೆ ಫಿಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರ, ಅದೂ ಆ ಕಡೆಯೇ. ಸರೋವರದಲ್ಲಿ ಜೂನ್ ಅರ್ಧ ಕಳೆದರೂ ಬೂದು ಬಣ್ಣದ ಮಂಜುಗಡ್ಡೆ ಚೂರುಚೂರಾಗಿ ತೇಲುತ್ತಿತ್ತು. ಎಡಗಡೆಯೂ ಒಂದು ನೋಟ ಇದೆ ಅನ್ನಿ. ಅಬಿಸ್ಕೋ ಹತ್ತಿರ ಎರಡು ಬೆಟ್ಟಗಳ ನಡುವೆ ದೊಡ್ಡ ಬಾಣಲೆಯ ಹಾಗೆ ಕೊರೆದ ಕಣಿವೆ, ಲಾಪ್‌ಪೋರ್ಟೆನ್. ಇಡೀ ಬೋಗಿ ಒಮ್ಮೆಲೇ ಎಡಕ್ಕೆ ವಾಲಿತು.

ಅಬಿಸ್ಕೋ ದಾಟಿದ ಮೇಲೆ ನಮ್ಮ ರೈಲು ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಎದುರಿನವರು ಗೊಣಗಿದರು. ನನಗೆ ಮಾತ್ರ ಖುಷಿ. ಸಿಂಗಲ್ ಲೈನು, ಎದುರು ಗಾಡಿಗೆ ದಾರಿ ಬಿಡುವ ಪಕ್ಕದ ಹಳಿಯಲ್ಲಿ, ಲೂಪಿನಲ್ಲಿ, ನಿಂತಿದ್ದೇವೆ, ಅಂದರೆ ಕ್ರಾಸಿಂಗ್! ಸ್ವಲ್ಪ ಹೊತ್ತಿಗೆ ಎದುರಿನಿಂದ ಬಂತು. ಮುಂದೆ ಜೋಡಿ ಎಂಜಿನ್, ಹಿಂದೆ ಕಪ್ಪು ವ್ಯಾಗನ್ನುಗಳು. ಡಬ್ಬ ಉರುಳಿಸಿದ ಹಾಗೆ ಖಣಖಣ ಸದ್ದು. "ಖಾಲಿ ರೇಕು, ಬಂದರಿಗೆ ಸುರಿದು ವಾಪಸ್ ಹೋಗ್ತಿದೆ" ಎಂದೆ. ಮಗಳು "ನೋಡದೇ ಹೇಗೆ ಹೇಳ್ತೀಯಾ?" ಅಂದಳು. ಗಾರ್ಡಿನ ಮಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತುಂಬಿದ ಗಾಡಿ ಹೋದರೆ ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ.

ವ್ಯಾಗನ್ ಎಣಿಸಿದೆವು. 68 ಇರಬೇಕು, ಗಾಡಿಯ ಉದ್ದ 750 ಮೀಟರ್. ನನ್ನ ಲೆಕ್ಕಕ್ಕೆ 66 ಬಂತು, ಮಗಳಿಗೆ 71. ಜಗಳ ಆಯಿತು.

ಗಡಿಯ ಸ್ಟೇಷನ್ ರಿಕ್ಸ್‌ಗ್ರೆನ್ಸೆನ್. ಹೆಸರಿನ ಅರ್ಥವೇ ದೇಶದ ಗಡಿ. ಹಳಿಯ ಪಕ್ಕ ಇನ್ನೂ ಹಿಮ ಬಿದ್ದಿತ್ತು. 1903ರ ಜುಲೈ 14ರಂದು ರಾಜ ಎರಡನೇ ಆಸ್ಕರ್ ಈ ಲೈನನ್ನು ಉದ್ಘಾಟಿಸಿದ್ದು ಇಲ್ಲೇ. ಆಗ ಸ್ವೀಡನ್, ನಾರ್ವೆ ಎರಡಕ್ಕೂ ಅವನೇ ರಾಜ. ಎರಡೇ ವರ್ಷಕ್ಕೆ ದೇಶಗಳು ಬೇರೆಯಾದವು, ಹಳಿ ಮಾತ್ರ ಒಂದೇ ಉಳಿಯಿತು. ನನಗೆ ಕ್ಯಾಸಲ್‌ರಾಕ್ ನೆನಪಾಯಿತು. 1961ರವರೆಗೆ ಅದೂ ಗಡಿ ಸ್ಟೇಷನ್ನೇ. ಆಚೆ ಪೋರ್ಚುಗೀಸರ ಗೋವಾ, ಈಚೆ ನಾವು. ಇಲ್ಲಿ ಯಾರೂ ಪೆಟ್ಟಿಗೆ ಬಿಚ್ಚಿಸಲಿಲ್ಲ. ಫೋನಿಗೆ ಬಂದ ಒಂದು ಮೆಸೇಜಿನಿಂದಷ್ಟೇ ದೇಶ ಬದಲಾದದ್ದು ಗೊತ್ತಾಯಿತು.

ಅಲ್ಲಿಂದ ಇಳಿಜಾರು. 43 ಕಿ.ಮೀ.ಯಲ್ಲಿ 500 ಮೀಟರಿಗಿಂತ ಜಾಸ್ತಿ ಇಳಿದು ಸಮುದ್ರ ಮಟ್ಟಕ್ಕೆ ಬರಬೇಕು. ಸುರಂಗ, ಹಿಮ ಬೀಳದಂತೆ ಕಟ್ಟಿದ ಮರದ ಚಾವಣಿ, ಮತ್ತೆ ಸುರಂಗ. ಒಂದು ಸುರಂಗದಿಂದ ಹೊರಬಂದಾಗ ಬಲಗಡೆ ನೆಲವೇ ಇರಲಿಲ್ಲ. ತುಂಬಾ ಕೆಳಗೆ ಹಸಿರು ನೀರಿನ ಒಂದು ಪಟ್ಟಿ, ರೊಂಬಾಕ್ ಫಿಯೋರ್ಡ್. ದೂಧಸಾಗರದ ತಿರುವಿನಲ್ಲಿ ಬೋಗಿಯ ಜನ ಹೇಗೆ "ಹೋ" ಅಂತಾರೋ, ಇಲ್ಲೂ ಹಾಗೇ ಅಂದರು. ಭಾಷೆ ಬೇರೆ, ಅಷ್ಟೇ.

ಮೂರನೇ ದಿನ: ಮಳೆ, ಮಜ್ಜಿಗೆ ಮತ್ತು ಬಂದರು

ಮಳೆ. ಜೋರು ಮಳೆಯಲ್ಲ, ಆಗುಂಬೆಯ ಮಳೆಯೂ ಅಲ್ಲ. ಜರಡಿ ಹಿಡಿದ ಹಾಗೆ ಇಡೀ ದಿನ. ಛತ್ರಿ ಹಿಡಿದವರು ನಾವಿಬ್ಬರೇ. ಗಾಳಿ ಅದನ್ನೂ ತಲೆಕೆಳಗು ಮಾಡಿತು. ಅಲ್ಲಿಯವರೆಲ್ಲ ಟೋಪಿಯ ಜಾಕೆಟ್ ಹಾಕಿಕೊಂಡು ಸುಮ್ನೆ ನೆನೆಯುತ್ತಾ ಓಡಾಡುತ್ತಾರೆ.

ಬೆಳಿಗ್ಗೆ ಒಂದು ಅವಾಂತರ. ಹಿಂದಿನ ಸಂಜೆ ಅಂಗಡಿಯಲ್ಲಿ "ಮೆಲ್ಕ್" ಅಂತ ಬರೆದ ಪೊಟ್ಟಣ ತಂದಿದ್ದೆ. ಮೆಲ್ಕ್ ಅಂದರೆ ಹಾಲು ಅಂತ ರೈಲಿನಲ್ಲೇ ಕಲಿತಿದ್ದೆನಲ್ಲ, ಅದೇ ಜಂಬ. ಚಹಾಕ್ಕೆ ಸುರಿದೆ, ಒಡೆದು ಹೋಯಿತು. ಎರಡನೇ ಸಲ ಹೊಸ ಪಾತ್ರೆಯಲ್ಲಿ ಮಾಡಿದೆ. ಮತ್ತೆ ಒಡೆಯಿತು. ಮಗಳು ಎದ್ದು ಬಂದು ಪೊಟ್ಟಣ ಓದಿ ಬಿದ್ದು ಬಿದ್ದು ನಕ್ಕಳು. ಅದು "ಕುಲ್ತೂರ್‌ಮೆಲ್ಕ್", ಅಂದರೆ ಹೆಪ್ಪು ಹಾಕಿದ ಹಾಲು. ನಮ್ಮ ಗಟ್ಟಿ ಮಜ್ಜಿಗೆಗೂ ಮೊಸರಿಗೂ ನಡುವಿನದು. ಒಳ್ಳೆಯದೇ ಆಯಿತು. ಮಧ್ಯಾಹ್ನ ಅನ್ನ ಮಾಡಿ, ಅದನ್ನು ಕಲಸಿ, ಮೇಲೆ ಒಂದಿಷ್ಟು ಉಪ್ಪು. ಸಾಸಿವೆ ಒಗ್ಗರಣೆ ಒಂದು ಇರಲಿಲ್ಲ ಅನ್ನುವುದು ಬಿಟ್ಟರೆ ಮನೆಯ ಊಟ. ಸಸ್ಯಾಹಾರಿಗಳು ಗಮನಿಸಿ, ಇಂಥ ಊರಿನಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದರೆ ಅರ್ಧ ಚಿಂತೆ ಹೋಯಿತು. ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಬೇಕು.

ಊರಿನ ಚೌಕದಲ್ಲಿ ಬಾಣದ ಫಲಕಗಳ ಒಂದು ಕಂಬ ಇದೆ, ಯಾವ ಯಾವ ಊರು ಎಷ್ಟು ದೂರ ಅಂತ. ಉತ್ತರ ಧ್ರುವಕ್ಕೆ ಸುಮಾರು 2,400 ಕಿ.ಮೀ. ಹೊಸಪೇಟೆಯಿಂದ ದೆಹಲಿಗೆ ರೈಲಿನಲ್ಲಿ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ!

ಇಷ್ಟು ಮೇಲಿದ್ದರೂ ಇಲ್ಲಿನ ಸಮುದ್ರ ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಇಲ್ಲಿಯವರೆಗೂ ಬರುತ್ತದೆ. ಕಿರುನಾದ ಅದಿರಿಗೆ ಸ್ವೀಡನ್ನಿನದೇ ಲುಲಿಯೊ ಬಂದರು ಇತ್ತು. ಅದು ನಾರ್ವಿಕ್‌ಗಿಂತ ಎಷ್ಟೋ ದಕ್ಷಿಣಕ್ಕಿದೆ, ಆದರೆ ಚಳಿಗಾಲದಲ್ಲಿ ಅಲ್ಲಿನ ನೀರು ಕಲ್ಲಾಗುತ್ತದೆ. ಅದಕ್ಕೇ ಬೆಟ್ಟ ಕೊರೆದು ಈ ಕಡೆ ಹಳಿ ತಂದರು. ಮೊದಲು ಕೈಹಾಕಿದ್ದು ಬ್ರಿಟಿಷ್ ಕಂಪನಿ, 1889ರಲ್ಲಿ ದಿವಾಳಿಯಾಯಿತು. 1898ರಲ್ಲಿ ಕೆಲಸ ಮತ್ತೆ ಶುರುವಾಗಿ 1902ರಲ್ಲಿ ಹಳಿ ಕೂಡಿತು. ಊರಿಗೆ ಪಟ್ಟಣದ ಪಟ್ಟ ಸಿಕ್ಕಿದ್ದೂ ಅದೇ ವರ್ಷ.

ಅದಿರಿನ ಬಂದರು ಊರನ್ನು ನಡುವೆ ಸೀಳಿದೆ. ಈ ಕಡೆ ಅರ್ಧ ಊರು, ಆ ಕಡೆ ಅರ್ಧ, ದಾಟಲು ಹಳಿಗಳ ಮೇಲೊಂದು ಸೇತುವೆ. ಒಳಗೆ ಬಿಡುವುದಿಲ್ಲ, ಸೇತುವೆಯ ಮೇಲಿನಿಂದ ನೋಡಬಹುದು. ನಾನು ಮರ್ಮಗೋವಾದ ಹಾಗೆ ಕೆಂಪು ಗುಡ್ಡೆಗಳನ್ನು ಹುಡುಕುತ್ತಿದ್ದೆ. ಒಂದೂ ಇಲ್ಲ.

ಸೇತುವೆಯ ಮೇಲೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಮ್ಮನ್ನು ನೋಡಿ ನಿಂತರು. ಅರ್ಧ ಗಂಟೆಯಿಂದ ಮಳೆಯಲ್ಲಿ ವ್ಯಾಗನ್ ನೋಡುತ್ತಿರುವ ಸೀರೆಯ ಹೆಂಗಸು ಅವರಿಗೂ ಹೊಸಬಳು ತಾನೇ! ವಿಚಾರಿಸಿದರೆ ಅವರು ಅದಿರು ಗಾಡಿಯ ಡ್ರೈವರ್ ಆಗಿದ್ದವರು, ಈಗ ರಿಟೈರ್ಡ್. ಆಮೇಲೆ ನಾಯಿಗೂ ಮಗಳಿಗೂ ಕೆಲಸ ಇರಲಿಲ್ಲ.

ಅದಿರನ್ನು ಈಗ ಬಯಲಲ್ಲಿ ಗುಡ್ಡೆ ಹಾಕುವುದಿಲ್ಲವಂತೆ. ಬಂಡೆಯೊಳಗೆ ಬಾವಿಯ ಹಾಗೆ ದೊಡ್ಡ ದೊಡ್ಡ ಸೈಲೋ ಕೊರೆದಿದ್ದಾರೆ. ವ್ಯಾಗನ್ನಿನ ತಳ ತೆರೆದು ಅದರೊಳಗೆ ಬೀಳಿಸಿ, ಅಲ್ಲಿಂದ ಬೆಲ್ಟಿನ ಮೇಲೆ ಹಡಗಿಗೆ ಕಳಿಸುತ್ತಾರೆ.

"ನಿಮ್ಮ ಘಾಟಿ ಎಷ್ಟು ಕಡಿದು?" ಎಂದು ಕೇಳಿದರು.

"ಮೂವತ್ತೇಳಕ್ಕೆ ಒಂದು" ಎಂದೆ. ಮೂವತ್ತೇಳು ಅಡಿ ಹೋದರೆ ಒಂದಡಿ ಏರು. ಅಪ್ಪ ದಿನಾ ಹೇಳುತ್ತಿದ್ದ ಲೆಕ್ಕ ಅದು, ಮರೆಯುವುದಿಲ್ಲ.

ಅವರು ಮನಸ್ಸಲ್ಲೇ ಭಾಗಿಸಿದರು. "ಅಂದರೆ ಸಾವಿರಕ್ಕೆ 27. ನಮ್ಮದು 17." ಒಂದು ಸಿಳ್ಳೆ ಹಾಕಿದರು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಘಾಟಿಯನ್ನು ನಾನೇ ಕಡಿದಿದ್ದೆನೇನೋ ಅನ್ನುವ ಹಾಗೆ. ಘಾಟಿಯ ಬುಡದ ಕೂಳೆಂನಲ್ಲಿ ಹಿಂದೆ ಬ್ಯಾಂಕರ್ ಎಂಜಿನ್ ಕಟ್ಟಿ ಗಾಡಿಯನ್ನು ಮೇಲಕ್ಕೆ ನೂಕುವುದನ್ನು ಕೈಸನ್ನೆಯಲ್ಲೇ ವಿವರಿಸಿದೆ.

ಅವರ ಸರದಿ ಬಂದಾಗ ಒಂದು ವಿಷಯ ಹೇಳಿದರು. ಇಲ್ಲಿ ತುಂಬಿದ ಗಾಡಿ ಇಳಿಯುತ್ತದೆ, ಖಾಲಿ ಗಾಡಿ ಹತ್ತುತ್ತದೆ. ಎಂಟೂವರೆ ಸಾವಿರ ಟನ್ ಇಳಿಯುವಾಗ ಎಂಜಿನ್ನಿನ ಮೋಟರುಗಳೇ ಬ್ರೇಕಿನ ಕೆಲಸ ಮಾಡುತ್ತಾ ಕರೆಂಟು ಹುಟ್ಟಿಸುತ್ತವೆ. ಅದು ಮೇಲಿನ ತಂತಿಗೆ ವಾಪಸ್. ಖಾಲಿ ರೇಕು ಗಡಿಯವರೆಗೆ ಹತ್ತಲು ಹೆಚ್ಚು ಕಡಿಮೆ ಅಷ್ಟೇ ಸಾಕಂತೆ. "ಇಳಿಯುವಾಗ ನಾನು ಡ್ರೈವರ್ ಅಲ್ಲ, ಪವರ್ ಹೌಸ್" ಅಂದರು.

2023ರ ಡಿಸೆಂಬರ್‌ನಲ್ಲಿ ಅದಿರು ಗಾಡಿ ಹಳಿ ತಪ್ಪಿ ಲೈನು ಎರಡು ತಿಂಗಳು ಬಂದ್ ಆಗಿತ್ತು. ತೆರೆದ ಕೆಲವೇ ದಿನಕ್ಕೆ ಮತ್ತೊಂದು ಬಿತ್ತು. ಆಗ ಊರು ಹೇಗಿತ್ತು ಎಂದು ಕೇಳಿದೆ. "ನಿಶ್ಶಬ್ದ" ಅಂದರು. "ರಾತ್ರಿ ನಿದ್ದೆ ಬರುತ್ತಿರಲಿಲ್ಲ." ಅದಿರಷ್ಟೇ ಅಲ್ಲ, ಓಸ್ಲೋದಿಂದ ಇಲ್ಲಿನ ಅಂಗಡಿಗಳಿಗೆ ಬರುವ ದಿನಸಿಯೂ ಸ್ವೀಡನ್ ಸುತ್ತಿ ಇದೇ ಹಳಿಯ ಮೇಲೆ ಬರುತ್ತದೆ. ವಾಪಸ್ ಹೋಗುವಾಗ ಕಂಟೇನರ್ ತುಂಬ ಮೀನು.

ಬಳ್ಳಾರಿಯ ಗಣಿಗಳು 2011ರಲ್ಲಿ ನಿಂತ ಕಥೆ ನಾನೂ ಹೇಳಿದೆ. ನಮ್ಮ ಘಾಟಿಯಲ್ಲಿ ಈಗ ಗಾಡಿ ಉಲ್ಟಾ, ಬಂದರಿನಿಂದ ಕಲ್ಲಿದ್ದಲು ಮೇಲಕ್ಕೆ ಬರುತ್ತದೆ. ಆ ಮಾತು ಅವರಿಗೆ ಇಷ್ಟವಾಗಲಿಲ್ಲ. "ತುಂಬಿದ್ದು ಹತ್ತಬಾರದು" ಅಂತ ತಲೆ ಅಲ್ಲಾಡಿಸಿದರು.

ಸಂಜೆ ಯುದ್ಧದ ಮ್ಯೂಸಿಯಂ. ಹಿಟ್ಲರನಿಗೂ ಬೇಕಿದ್ದದ್ದು ಇದೇ ಅದಿರು. 1940ರ ಏಪ್ರಿಲ್ 9ರ ಬೆಳಿಗ್ಗೆ ಹತ್ತು ಜರ್ಮನ್ ಡಿಸ್ಟ್ರಾಯರ್ ಹಡಗುಗಳು ಇಲ್ಲಿಗೆ ಬಂದವು. ನಾಲ್ಕೇ ದಿನಗಳಲ್ಲಿ ಹತ್ತೂ ನಾಶವಾದವು. ಮೇ 28ಕ್ಕೆ ನಾರ್ವೆ, ಫ್ರಾನ್ಸ್, ಪೋಲೆಂಡ್, ಬ್ರಿಟನ್ ಸೇನೆಗಳು ಸೇರಿ ಊರನ್ನು ಗೆದ್ದವು, ಜೂನ್ ಮೊದಲ ವಾರ ಕಳೆಯುವಷ್ಟರಲ್ಲಿ ಬಿಟ್ಟೂ ಹೋದವು. ಫ್ರಾನ್ಸ್ ಬೀಳುತ್ತಿತ್ತು, ಇಲ್ಲಿ ನಿಲ್ಲಲು ಪುರುಸೊತ್ತಿರಲಿಲ್ಲ. ಗೆದ್ದ ಊರನ್ನು ಹತ್ತೇ ದಿನಕ್ಕೆ ಬಿಟ್ಟುಕೊಟ್ಟರೆ ಅಲ್ಲಿಯವರಿಗೆ ಏನನ್ನಿಸಿರಬೇಕು? ಒಳಗೆ ಒಂದೂವರೆ ಗಂಟೆ ಇದ್ದು, ಜಾಸ್ತಿ ಮಾತಾಡದೆ ಹೊರಬಂದೆವು.

ನಾಲ್ಕನೇ ದಿನ: ರಸ್ತೆಯಿಲ್ಲದ ಸ್ಟೇಷನ್

ಬಿಸಿಲು! ಬೆಳಗಿನ ರೈಲು ಹತ್ತಿ ಮತ್ತೆ ಮೇಲಕ್ಕೆ, ಕಾಟೆರಾಟ್ ಎಂಬಲ್ಲಿಗೆ ಹೋದೆವು. ಈ ಸ್ಟೇಷನ್ನಿಗೆ ರಸ್ತೆಯೇ ಇಲ್ಲ. ರೈಲು ಬಿಟ್ಟರೆ ಕಾಲು. ಹಾಗಾಗಿ ಇಳಿಯುವ ಮೊದಲೇ ವಾಪಸ್ ರೈಲಿನ ಹೊತ್ತು ಬರೆದಿಟ್ಟುಕೊಳ್ಳಬೇಕು. ದಿನಕ್ಕೆ ಎರಡು ಮೂರು ಬಿಟ್ಟರೆ ಇಲ್ಲ, ತಪ್ಪಿಸಿಕೊಂಡರೆ ಆಟೋ ಕರೆಯಲು ಅದು ಲೋಂಡಾ ಅಲ್ಲ.

ಹಳಿ ಹಾಕಲು ಬಂದ ಕೂಲಿಗಳು ನಡೆದಾಡಿದ ದಾರಿ ಇಲ್ಲಿ ಇನ್ನೂ ಇದೆ. ಇಲ್ಲಿಂದ ಕಣಿವೆಗೆ ಇಳಿದು ಫಿಯೋರ್ಡಿನ ತುದಿಯ ರೊಂಬಾಕ್ಸ್‌ಬಟ್ನ್‌ವರೆಗೆ ಹೋಗುತ್ತದೆ. ಹಳಿ ಹಾಕುವಾಗ ಅಲ್ಲೊಂದು ಕೂಲಿಗಳ ಊರೇ ಇತ್ತು. ನನ್ನ ಮೊಣಕಾಲು ಅಷ್ಟಕ್ಕೆ ಒಪ್ಪಲಿಲ್ಲ. ಒಂದು ಗಂಟೆ ಇಳಿದು, ತೊರೆಯ ಪಕ್ಕ ಕೂತು, ವಾಪಸ್ ಹತ್ತಿದೆವು. ಹಿಮ ಕರಗಿದ ನೀರು ಎಲ್ಲ ಕಡೆಯಿಂದಲೂ ಸುರಿಯುತ್ತಿತ್ತು. ಸೊಳ್ಳೆಗಳೂ ಅಷ್ಟೇ. ಅರಬೈಲು ಘಾಟಿಯ ಇಂಬಳ ಕಂಡವಳು ನಾನು, ಆದರೂ ಹೇಳುತ್ತೇನೆ, ಈ ಸೊಳ್ಳೆಗಳಿಗೆ ನಾಚಿಕೆ ಅನ್ನುವುದು ಇಲ್ಲ. ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ.

ಕೂಲಿಗಳಿಗೆ ಅಡುಗೆ ಮಾಡುತ್ತಿದ್ದ ಒಬ್ಬಳ ಕಥೆ ಇಲ್ಲೆಲ್ಲ ಪ್ರಸಿದ್ಧ. ಕಪ್ಪು ಕರಡಿ ಅಂತ ಅವಳ ಅಡ್ಡಹೆಸರು. ಕಪ್ಪು ಕೂದಲು, ಚೆಲುವೆ, ಅವಳಿಗಾಗಿ ಗಂಡಸರು ಹೊಡೆದಾಡಿದರು, ಇನ್ನೊಬ್ಬ ಹೆಂಗಸಿನ ಏಟಿಗೆ ಸತ್ತಳು ಅಂತೆಲ್ಲ ಹೇಳುತ್ತಾರೆ. ಎಷ್ಟು ನಿಜ, ಎಷ್ಟು ಕಟ್ಟುಕಥೆ, ಯಾರಿಗೂ ಬೇಕಿಲ್ಲ. ಗಡಿಯಾಚೆ ಟೋರ್ನೆಹಾಮ್ನ್‌ನ ಕೂಲಿಗಳ ಸ್ಮಶಾನದಲ್ಲಿ ಅವಳದೆನ್ನುವ ಶಿಲುಬೆ ಇದೆ. ಪ್ರತಿ ವರ್ಷ ಮಾರ್ಚ್‌ನಲ್ಲಿ ನಾರ್ವಿಕ್ ಜನ ಹಳೇ ಕೂಲಿಗಳ ವೇಷ ಹಾಕಿಕೊಂಡು ಹಬ್ಬ ಮಾಡುತ್ತಾರೆ, ಯಾರಾದರೂ ಒಬ್ಬಳನ್ನು ಕಪ್ಪು ಕರಡಿ ಅಂತ ಆರಿಸುತ್ತಾರೆ. ಚಳಿಯಲ್ಲಿ ನೂರಾರು ಜನಕ್ಕೆ ಗಂಜಿ ಬೇಯಿಸಿದವಳನ್ನು ಜನ ಚೆಲುವಿಗಾಗಿ ನೆನೆಯುತ್ತಾರೆ. ಇರಲಿ.

ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ರೈಲಿಗೆ ಕಾಯುವಾಗ ಜಲ್ಲಿಯ ನಡುವೆ ಬೇರೆ ಥರದ ಚೂರುಗಳು ಕಂಡವು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು, ಕಪ್ಪು ಮಿಶ್ರಿತ ಬೂದು. ಕೈಗೆ ತೆಗೆದುಕೊಂಡರೆ ಗಾತ್ರಕ್ಕೆ ಮೀರಿದ ತೂಕ. ಅದಿರು! ವ್ಯಾಗನ್ನಿನಿಂದ ಚೆಲ್ಲಿದ್ದು. ಅಂಗೈಯಲ್ಲಿ ಉಜ್ಜಿದೆ. ಕೆಂಪು ಬರಲಿಲ್ಲ, ಪೆನ್ಸಿಲ್ ಪುಡಿಯಂಥ ಕಪ್ಪು ಗೆರೆ ಬಂತು. ಚೀಲದಲ್ಲಿ ಪಕ್ಕದ ಮನೆಯವರಿಗೆಂದು ತೆಗೆದುಕೊಂಡಿದ್ದ ಫ್ರಿಜ್ಜಿನ ಅಯಸ್ಕಾಂತ ಇತ್ತು. ಹತ್ತಿರ ಹಿಡಿದೆ. ಟಕ್ ಅಂತ ಅಂಟಿಕೊಂಡಿತು. ನಮ್ಮ ಸಂಡೂರಿನ ಕಲ್ಲು ಹೀಗೆ ಹಾರಿ ಬಂದು ಅಂಟುವುದಿಲ್ಲ, ಅದು ಹೆಮಟೈಟ್. ಇಲ್ಲಿನ ಗಣಿಯದು ಮ್ಯಾಗ್ನೆಟೈಟ್. ಓದಿ ಗೊತ್ತಿತ್ತು, ಆದರೂ ಹತ್ತು ಸಲ ಬಿಡಿಸಿ ಅಂಟಿಸಿದೆ. ಈ ಲೈನಿನ ಗಾರ್ಡುಗಳ ಹೆಂಡತಿಯರ ಬಕೆಟ್ಟಿನಲ್ಲಿ ನೀರು ಕಪ್ಪಾಗುತ್ತಿದ್ದಿರಬೇಕು.

ರಾತ್ರಿ ಒಂಬತ್ತಕ್ಕೆ ಊರಿನ ಬೆನ್ನಿಗಿರುವ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋದೆವು. 656 ಮೀಟರ್ ಎತ್ತರ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಇಲ್ಲಿ ಸೂರ್ಯ ಮುಳುಗುವುದಿಲ್ಲ. ಕೆಳಗೆ ಬಂದರು, ಆಚೆ 2018ರಲ್ಲಿ ಕಟ್ಟಿ ಮುಗಿಸಿದ ಉದ್ದನೆಯ ಹೋಲೊಗಾಲಾಂಡ್ ತೂಗುಸೇತುವೆ, ಎದುರಿಗೆ ಅಂಗಾತ ಮಲಗಿದ ಹೆಂಗಸಿನ ಮುಖದ ಹಾಗಿರುವ ಬೆಟ್ಟ. ಅದನ್ನು ಮಲಗಿದ ರಾಣಿ ಅಂತಾರೆ. ಮಗಳು ಮೀನಿನ ಸೂಪು ಕುಡಿದಳು. ನನಗೆ ವಾಫಲ್, ಮೇಲೆ ಸ್ಟ್ರಾಬೆರಿ ಜಾಮು, ಕಂದು ಬಣ್ಣದ ಚೀಸು. ಅದನ್ನು ಚೀಸ್ ಅನ್ನುವುದು ತಪ್ಪು. ಹಾಲು ಒಡೆದ ತಿಳಿನೀರನ್ನು ಬತ್ತಿಸಿ ಬತ್ತಿಸಿ ಮಾಡುತ್ತಾರೆ, ಬಾಯಿಗಿಟ್ಟರೆ ಒಂಚೂರು ಉಪ್ಪು ಬಿದ್ದ ಧಾರವಾಡ ಪೇಡೆ. ಅರ್ಧ ಕೆಜಿ ಕಟ್ಟಿಸಿಕೊಂಡು ಬಂದೆ.

ಐದನೇ ದಿನ: ವಾಪಸ್

ಮಧ್ಯಾಹ್ನದ ರೈಲು. ಈ ಸಲ ಎಡಗಡೆ ಕೂತೆವು. ಸ್ಟೇಷನ್ನಿನಲ್ಲಿ ಒಬ್ಬ ಹುಡುಗ ಓಸ್ಲೋಗೆ ಯಾವ ಪ್ಲಾಟ್‌ಫಾರ್ಮು ಅಂತ ಕೇಳಿದ. ಪಾಪ, ದಕ್ಷಿಣಕ್ಕೆ ಹೋಗಬೇಕಾದರೆ ಫೌಸ್ಕೆವರೆಗೆ ಬಸ್ಸು, ನಡುವೆ ದೋಣಿ, ಅಲ್ಲಿಂದ ರೈಲು. ಇಲ್ಲವೇ ನಮ್ಮ ಹಾಗೆ ಸ್ವೀಡನ್ ಸುತ್ತಬೇಕು. ಅವನು ಸ್ವಲ್ಪ ಯೋಚಿಸಿ ನಮ್ಮ ರೈಲನ್ನೇ ಹತ್ತಿದ.

ಘಾಟಿ ಹತ್ತುವಾಗ ಮತ್ತೆ ಲೂಪಿನಲ್ಲಿ ನಿಂತೆವು. ಕಾಲಡಿ ಸಣ್ಣಗೆ ನಡುಗಿತು. "ತುಂಬಿದ್ದು" ಅಂದೆ. ಮಗಳು ಫೋನ್ ಪಕ್ಕಕ್ಕಿಟ್ಟಳು. ಈ ಸಲ ಪಕ್ಕಾ ಲೆಕ್ಕ, ಇಬ್ಬರೂ ಜೋರಾಗಿ ಒಟ್ಟಿಗೆ ಎಣಿಸುವುದು ಅಂತ ಒಪ್ಪಂದ. ಆ ಹುಡುಗನೂ ಕಿಟಕಿಗೆ ಬಂದು ಸೇರಿಕೊಂಡ. ನಲವತ್ತಮೂರು, ನಲವತ್ತನಾಲ್ಕು ಅನ್ನುವಾಗ ಟಿಕೆಟ್ ನೋಡುವವರು ಬಂದು ಭುಜ ತಟ್ಟಿದರು.